ನೌಕಾಯುದ್ಧದ ಹಳೆಯ ಪೋಸ್ಟರುಗಳು: ಅಸಲಿ, ನಕಲಿ, ಚೌಕಟ್ಟು, ಮಳೆಗಾಲ

ಯುದ್ಧಕಾಲದ ನೌಕಾ ಪ್ರಚಾರಚಿತ್ರಗಳನ್ನು ಮನೆಯಲ್ಲಿ ತೂಗುಹಾಕಿರುವ ಮುಂಬಯಿ, ಪುಣೆ, ಗೋವಾದ ಕನ್ನಡಿಗರು ಕಳಿಸಿದ ಪ್ರಶ್ನೆಗಳಲ್ಲಿ ಏಳನ್ನು ಆರಿಸಿಕೊಂಡಿದ್ದೇವೆ. ಹೆಚ್ಚಿನ ಪತ್ರಗಳು ಚಿತ್ರದ ಮುಂಭಾಗದ ಬಗ್ಗೆ ಕೇಳಿವೆ. ನಮ್ಮ ಉತ್ತರಗಳು ಮತ್ತೆ ಮತ್ತೆ ಹಿಂಭಾಗಕ್ಕೆ ಹೋಗುತ್ತವೆ, ಏಕೆಂದರೆ ಈ ಊರುಗಳಲ್ಲಿ ಕಾಗದ ಹಾಳಾಗಲು ಶುರುವಾಗುವುದು ಅಲ್ಲಿಂದಲೇ.

ಪ್ರಶ್ನೆ: ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ನಾವಿಕನ ಉಡುಪು ತೊಟ್ಟ ಹುಡುಗಿಯ ಅಮೆರಿಕನ್ ಪೋಸ್ಟರ್ ಕೊಂಡೆ. ಅದರಲ್ಲಿ 1917 ಎಂದು ಅಚ್ಚಾಗಿದೆ. ಅಳತೆ 18×24 ಇಂಚು. ಕಾಗದ ಕಂದು ತಿರುಗಿದೆ, ಮಡಿಕೆಯ ಗೆರೆಗಳೂ ಇವೆ. ಅಸಲಿ ಇರಬಹುದೇ? (ಡೊಂಬಿವಿಲಿ)

ಅಳತೆಯೊಂದೇ ಸಾಕು, ಅಸಲಿ ಅಲ್ಲ. ಇದು ಹೊವರ್ಡ್ ಚಾಂಡ್ಲರ್ ಕ್ರಿಸ್ಟಿ ಬರೆದ ಚಿತ್ರ. ‘ಅಯ್ಯೋ, ನಾನೂ ಗಂಡಸಾಗಿದ್ದರೆ ನೌಕಾಪಡೆ ಸೇರುತ್ತಿದ್ದೆ’ ಎಂದು ಆ ಹುಡುಗಿ ಹೇಳುತ್ತಾಳೆ. ಮೂಲದ ಅಳತೆ ಸುಮಾರು 27×41 ಇಂಚು. ಅಂಚು ಕತ್ತರಿಸಿದ್ದರಿಂದ ಒಂದೆರಡು ಇಂಚು ಕಡಿಮೆಯಾದ ಮೂಲಪ್ರತಿಗಳು ಸಿಗುತ್ತವೆ. ಆದರೆ ಚಿತ್ರವೇ ಚಿಕ್ಕದಾಗಿದ್ದರೆ ಅದು ಮರುಮುದ್ರಣವೇ. ಬ್ರಿಟಿಷ್ ಪೋಸ್ಟರು ಕೊಳ್ಳುವವರು 20×30 ಇಂಚಿನ ‘ಡಬಲ್ ಕ್ರೌನ್’ ಅಳತೆಯನ್ನು ನೆನಪಿಟ್ಟುಕೊಳ್ಳಿ. ಪೇಟೆಯಲ್ಲಿ ಸಿಗುವ ನಕಲುಗಳು ಬಹುಪಾಲು 12×18, 18×24, ಇಲ್ಲವೇ ಎ3 ಅಳತೆಯವು. ಇವು ಇಂದಿನ ಪ್ರಿಂಟರುಗಳಿಗೆ ಒಗ್ಗುವ ಅಳತೆಗಳು.

ಅಳತೆ ಸರಿಯಾಗಿದ್ದರೂ ನಂಬುವ ಮೊದಲು 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿದು ಅಕ್ಷರಗಳ ಅಂಚು ನೋಡಿ. ಹುಡುಗಿಯ ಕೆನ್ನೆಯನ್ನಲ್ಲ, ಅಕ್ಷರಗಳನ್ನು. ಅಂದಿನ ಲಿಥೋಗ್ರಾಫಿಯಲ್ಲಿ (ಕಲ್ಲಚ್ಚಿನಲ್ಲಿ) ಅಕ್ಷರ ಒಂದೇ ಶಾಯಿಯ ಗಟ್ಟಿ ಪದರ, ಅಂಚು ಚೂರಿಯಿಂದ ಕೊಯ್ದಂತಿರುತ್ತದೆ. ನಕಲು ಮಾಡುವವರು ಇಡೀ ಪೋಸ್ಟರಿನ ಫೋಟೊ ತೆಗೆದು ಅಚ್ಚು ಹಾಕುತ್ತಾರೆ. ಆಗ ಅಕ್ಷರವೂ ಚಿತ್ರದ ಹಾಗೆಯೇ ಚುಕ್ಕಿಗಳಾಗಿ ಒಡೆಯುತ್ತದೆ, ಕಪ್ಪು ಅಕ್ಷರದ ಅಂಚಿನಲ್ಲಿ ನೀಲಿ, ಕೆಂಪು, ಹಳದಿ ಚುಕ್ಕಿ ಕಾಣುತ್ತವೆ. ಚಿತ್ರಭಾಗದಲ್ಲಿ ಸಾಲಾಗಿ ಹೂವಿನಂತೆ ಕೂತ ಚುಕ್ಕಿಗಳಿದ್ದರೆ ಆಫ್‌ಸೆಟ್, ಮರಳು ಎರಚಿದಂತಿದ್ದರೆ ಇಂಕ್‌ಜೆಟ್. ಇಲ್ಲೊಂದು ಎಚ್ಚರಿಕೆ ಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ಅಸಲಿ ಪೋಸ್ಟರುಗಳೂ ಆಫ್‌ಸೆಟ್‌ನಲ್ಲೇ ಅಚ್ಚಾಗುತ್ತಿದ್ದವು. 1942ರ ಪೋಸ್ಟರಿನ ಚಿತ್ರದಲ್ಲಿ ಚುಕ್ಕಿ ಕಂಡ ಮಾತ್ರಕ್ಕೆ ನಕಲಿ ಎಂದು ಎಸೆಯಬೇಡಿ. ಅಲ್ಲಿಯೂ ಅಕ್ಷರದ ಅಂಚೇ ಸಾಕ್ಷಿ.

ಮಡಿಕೆಗೆ ಬರೋಣ. ಅಮೆರಿಕದ ಯುದ್ಧ ಮಾಹಿತಿ ಕಚೇರಿ ಎರಡನೇ ಮಹಾಯುದ್ಧದಲ್ಲಿ ಪೋಸ್ಟರುಗಳನ್ನು ಮಡಚಿಯೇ ಅಂಚೆಯಲ್ಲಿ ಕಳಿಸುತ್ತಿತ್ತು. ಹಾಗಾಗಿ ಆ ಕಾಲದ ಪ್ರತಿಗಳಲ್ಲಿ ಮಡಿಕೆ ಇರುವುದು ಸಹಜ. ಆದರೆ ಮಡಚಿದ ಮೂಲವನ್ನು ಸ್ಕ್ಯಾನ್ ಮಾಡಿದರೆ ಆ ಗೆರೆಯೂ ಅಚ್ಚಾಗುತ್ತದೆ. ಕಣ್ಣು ಮುಚ್ಚಿ ಬೆರಳ ತುದಿ ಆಡಿಸಿ: ನಿಜವಾದ ಮಡಿಕೆ ಕೈಗೆ ತಾಗುತ್ತದೆ, ಹಿಂಬದಿಯಲ್ಲೂ ಕಾಣುತ್ತದೆ. ಅಚ್ಚಾದ ಮಡಿಕೆ ನುಣ್ಣಗಿರುತ್ತದೆ. ಕಂದು ಬಣ್ಣವನ್ನೂ ಹೀಗೆಯೇ ಪರೀಕ್ಷಿಸಬೇಕು. ಮರದ ತಿರುಳಿನ ಹಳೆಯ ಕಾಗದ ಅಂಚಿನಲ್ಲಿ, ಮಡಿಕೆಯಲ್ಲಿ, ಗಾಳಿ ಬೆಳಕು ತಾಗಿದ ಕಡೆ ಹೆಚ್ಚು ಕಂದಾಗಿ ಒಳಗೆ ಹೋದಂತೆ ತಿಳಿಯಾಗುತ್ತದೆ. ಚಹಾ ನೀರಿನಲ್ಲಿ ಅದ್ದಿದ ಕಾಗದ ಎಲ್ಲ ಕಡೆ ಒಂದೇ ಬಣ್ಣ, ಹರಿದ ಬಾಯಿಯಲ್ಲಿ ಮಾತ್ರ ಕಡುಗಂದು, ಏಕೆಂದರೆ ನೀರು ಅಲ್ಲಿ ಹೆಚ್ಚು ಇಂಗುತ್ತದೆ.

ಕೊನೆಯ ಪರೀಕ್ಷೆಗೆ 365 ನ್ಯಾನೊಮೀಟರಿನ ಯುವಿ (ನೇರಳಾತೀತ) ಟಾರ್ಚು ಬೇಕು. ಕತ್ತಲೆ ಕೋಣೆಯಲ್ಲಿ ಚಿತ್ರವಿಲ್ಲದ ಅಂಚಿನ ಮೇಲೆ ಹಾಯಿಸಿ. ಯುವಿಯಲ್ಲಿ ಹೊಳೆಯುವ ಬಿಳುಪುಕಾರಕವನ್ನು ಕಾಗದಕ್ಕೆ ಬೆರೆಸುವುದು ವ್ಯಾಪಕವಾದದ್ದು 1950ರ ಸುಮಾರಿನಿಂದ. ನೀಲಿ-ಬಿಳಿಯಾಗಿ ಹೊಳೆದರೆ 1917ರ ಕಾಗದವಲ್ಲ. ಹೊಳೆಯದಿದ್ದರೆ ಏನೂ ಸಾಬೀತಾಗುವುದಿಲ್ಲ, ಬಿಳುಪುಕಾರಕವಿಲ್ಲದ ಹೊಸ ಕಾಗದವೂ ಸಿಗುತ್ತದೆ.

ನಕಲಾದರೂ ಇಟ್ಟುಕೊಳ್ಳಿ, ಚಿತ್ರದ ಹಿಂದಿನ ಕತೆ ದೊಡ್ಡದು. ಈ ಹುಡುಗಿ ‘ಗಂಡಸಾಗಿದ್ದರೆ’ ಎಂದ ಅದೇ 1917ರ ಮಾರ್ಚಿನಲ್ಲಿ ಅಮೆರಿಕದ ನೌಕಾಪಡೆ ಹೆಂಗಸರನ್ನು ಗುಮಾಸ್ತೆಯರಾಗಿ ಸೇರಿಸಿಕೊಳ್ಳಲು ಶುರುಮಾಡಿತ್ತು. ಯುದ್ಧ ಮುಗಿಯುವ ಹೊತ್ತಿಗೆ 11,000ಕ್ಕೂ ಹೆಚ್ಚು ಹೆಂಗಸರು ಸೇರಿದ್ದರು.

ಪ್ರಶ್ನೆ: ಹೋದ ವರ್ಷ ಚೌಕಟ್ಟು ಹಾಕಿಸಿದ 20×30 ಇಂಚಿನ ಪೋಸ್ಟರು ಈ ಮಳೆಗಾಲದಲ್ಲಿ ಅಲೆಅಲೆಯಾಗಿ ಉಬ್ಬಿದೆ. ಗಾಜಿನ ಒಳಗೆ ಬೂದುಬಣ್ಣದ ಬೂಸ್ಟು, ಮೇಲೆ ಕಂದು ಚುಕ್ಕಿ. ಬಿಸಿಲಿಗೆ ಇಡಲೇ? ಚೌಕಟ್ಟನ್ನು ಮತ್ತೆ ಹೇಗೆ ಕಟ್ಟಿಸಲಿ? (ವಾಸ್ಕೊ)

ಹಪ್ಪಳದ ಹಾಗೆ ಬಿಸಿಲಿಗೆ ಹಾಕಬೇಡಿ. ಕಾಗದದ ಒಂದು ಬದಿ ಬೇಗ ಒಣಗಿ ಸುರುಳುತ್ತದೆ, ಬಣ್ಣವೂ ಹೋಗುತ್ತದೆ. ಗೋಡೆಯಿಂದ ಇಳಿಸಿ, ಮುಖ ಕೆಳಗೆ ಮಾಡಿ ಮಲಗಿಸಿ, ಹಿಂಬದಿ ಬಿಚ್ಚಿ. ಕಾಗದ ಗಾಜಿಗೆ ಅಂಟಿದ್ದರೆ ಎಳೆಯಬೇಡಿ. ಗಾಜಿನ ಸಮೇತ ಹಳೆಯ ಕಾಗದದ ದುರಸ್ತಿ ಬಲ್ಲ ಸಂರಕ್ಷಕರ ಬಳಿ ಒಯ್ಯಿರಿ. ಅಂಟಿರದಿದ್ದರೆ ಎಸಿ ಇರುವ ಕೋಣೆಯಲ್ಲಿ, ನೇರ ಗಾಳಿ ಬಡಿಯದ ಕಡೆ, ಒತ್ತುಕಾಗದದ (ಬ್ಲಾಟಿಂಗ್ ಪೇಪರಿನ) ಮೇಲೆ ಎರಡು ಮೂರು ದಿನ ಬಿಡಿ. ಹಸಿ ಬೂಸ್ಟನ್ನು ಮುಟ್ಟಿದರೆ ನಾರಿನೊಳಗೆ ಸವರಿದಂತಾಗುತ್ತದೆ. ಒಣಗಿ ಪುಡಿಯಾದ ಮೇಲೆ ಎನ್95 ಮುಖಗವಸು ಕಟ್ಟಿಕೊಂಡು ಮೆತ್ತನೆಯ ಕುಂಚದಿಂದ, ಮನೆಯ ಹೊರಗೆ, ಮೆಲ್ಲಗೆ ಗುಡಿಸಿ. ಡೆಟಾಲು, ಬ್ಲೀಚಿಂಗ್ ನೀರು, ಒದ್ದೆ ಬಟ್ಟೆ ಯಾವುದೂ ಬೇಡ. ಕಂದು ಚುಕ್ಕಿ ಕುಂಚಕ್ಕೆ ಹೋಗುವುದಿಲ್ಲ. ಅದನ್ನು ಅಲ್ಲಿಗೇ ಬಿಡುವುದು ಕಾಗದಕ್ಕೆ ಒಳ್ಳೆಯದು.

ಹೀಗಾದದ್ದಕ್ಕೆ ಕಾರಣ ಮೂರು. ಬೂಸ್ಟು ಬೆಳೆಯಲು ಗಾಳಿಯ ಸಾಪೇಕ್ಷ ತೇವ 65ರಿಂದ 70 ಶೇಕಡಾ ದಾಟಿದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋವಾ, ಮುಂಬಯಿಗಳಲ್ಲಿ ಅದು 80ರ ಮೇಲೇ ಇರುತ್ತದೆ. ಎರಡನೆಯದು, ಕಾಗದ ಗಾಜಿಗೆ ತಾಗಿಕೊಂಡಿತ್ತು. ಗಾಜಿನ ಮೇಲೆ ಇಳಿದ ನೀರ ಹನಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಮೂರನೆಯದು, ನಾಲ್ಕೂ ಬದಿಗೆ ಟೇಪು ಬಿಗಿದಿದ್ದರು. ತೇವದಲ್ಲಿ ಕಾಗದ ಹಿಗ್ಗುತ್ತದೆ. ಅಂಚು ಬಿಡದಿದ್ದರೆ ನಡುವೆ ಉಬ್ಬುವುದೊಂದೇ ಅದಕ್ಕೆ ದಾರಿ.

ಹೊಸ ಚೌಕಟ್ಟನ್ನು ಈಗಲೇ ಕಟ್ಟಿಸಬೇಡಿ. ಮಳೆಗಾಲದಲ್ಲಿ ಕಟ್ಟಿದರೆ ಕಾಗದ, ಬೋರ್ಡುಗಳೊಳಗಿನ ತೇವವನ್ನೂ ಸೇರಿಸಿ ಮುಚ್ಚಿದಂತೆ. ದೀಪಾವಳಿ ಕಳೆಯಲಿ. ಅಷ್ಟು ಕಾಯಲಾಗದಿದ್ದರೆ ಪೋಸ್ಟರು, ಬೋರ್ಡು ಎಲ್ಲವನ್ನೂ 50-55 ಶೇಕಡಾ ತೇವವಿರುವ ಕೋಣೆಯಲ್ಲಿ ಒಂದು ದಿನ ಬಿಟ್ಟು ಅಲ್ಲೇ ಜೋಡಿಸಿ. ತೇವಮಾಪಕ ಹೆಚ್ಚು ಬೆಲೆಯದಲ್ಲ, ಒಂದು ಕೊಂಡಿಡಿ.

ಅಂಗಡಿಯವರಿಗೆ ಬರೆದುಕೊಡಬೇಕಾದ ಪದರಗಳು ಮುಂದಿನಿಂದ ಹಿಂದಕ್ಕೆ ಹೀಗೆ: 2 ಮಿ.ಮೀ. ಗಾಜು. ಕಿಟಕಿಯಂತೆ ಕತ್ತರಿಸಿದ ಆಮ್ಲರಹಿತ ಹತ್ತಿ ಮೌಂಟ್ ಬೋರ್ಡು, 8 ಪದರದ್ದು, 2.8 ಮಿ.ಮೀ. ದಪ್ಪ. ಮಾಮೂಲಿ 4 ಪದರದ 1.4 ಮಿ.ಮೀ. ಬೋರ್ಡು ಚಿಕ್ಕ ಚಿತ್ರಗಳಿಗೆ ಸಾಕು, 20×30 ಇಂಚಿನ ಕಾಗದ ಉಬ್ಬಿದರೆ ಅಷ್ಟು ತೆಳು ಅಂತರ ದಾಟಿ ಗಾಜು ಮುಟ್ಟುತ್ತದೆ. ಆಮೇಲೆ ಪೋಸ್ಟರು. ಅದರ ಹಿಂದೆ 1.4 ಮಿ.ಮೀ. ಆಮ್ಲರಹಿತ ಬೋರ್ಡು. ಕಡೆಗೆ 4 ಮಿ.ಮೀ. ದಪ್ಪದ, ಒಳಗೆ ಟೊಳ್ಳು ಸಾಲುಗಳಿರುವ ಪಾಲಿಪ್ರೊಪಿಲೀನ್ ಹಾಳೆ. ಒಟ್ಟು 10.2 ಮಿ.ಮೀ. ಆಯಿತು, ಹಾಗಾಗಿ ಚೌಕಟ್ಟಿನ ಪಟ್ಟಿಯ ಒಳಗಾಡಿ (ಪದರಗಳು ಕೂರುವ ತೋಡು) 14 ಮಿ.ಮೀ.ಗಿಂತ ಕಡಿಮೆ ಆಳ ಇರಬಾರದು. ಪದರಗಳನ್ನು ಒಳಗಾಡಿಯ ಅಳತೆಗಿಂತ 3 ಮಿ.ಮೀ. ಚಿಕ್ಕದಾಗಿ ಕತ್ತರಿಸಲಿ.

ಪಾಲಿಪ್ರೊಪಿಲೀನ್ ಇಲ್ಲ ಎಂದರೆ ಸೈನ್‌ಬೋರ್ಡಿನವರ ಬಳಿ ಸಿಗುವ ಅಲ್ಯುಮಿನಿಯಂ ಕಾಂಪೊಸಿಟ್ ಹಾಳೆಯೂ ಆದೀತು. ಬೇಡವಾದದ್ದು ಹಾರ್ಡ್‌ಬೋರ್ಡು, ಎಂಡಿಎಫ್, ಪ್ಲೈವುಡ್ಡು. ಇವು ವರ್ಷಗಟ್ಟಲೆ ಆಮ್ಲದ ಆವಿ ಬಿಡುತ್ತವೆ. ಹಿಂಬದಿಗೆ ತುಂಬುವ ಹಳೆ ಪತ್ರಿಕೆಯಂತೂ ಕೂಡದೇ ಕೂಡದು. ಮುಂದೆ ಚಿನ್ನದ ಬಣ್ಣದ ಪಟ್ಟಿ, ಹಿಂದೆ ರದ್ದಿ ಕಾಗದ ಎಂದರೆ ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಪಟ್ಟಿಗೆ ಉಳಿಸಿ ಬೋರ್ಡಿಗೆ ಸುರಿಯಿರಿ.

ಪೋಸ್ಟರನ್ನು ಹಿಡಿದಿಡಲು ಮೇಲಂಚಿನಲ್ಲಿ ಎರಡೇ ಕೊಂಡಿ ಸಾಕು. ತೆಳು ಜಪಾನಿ ಕಾಗದವನ್ನು 2.5×4 ಸೆಂ.ಮೀ. ಹರಿದುಕೊಳ್ಳಿ, ಕತ್ತರಿ ಹಾಕಬೇಡಿ, ಹರಿದ ನಾರಂಚು ಗುರುತು ಮೂಡಿಸುವುದಿಲ್ಲ. ಅದರ 5 ಮಿ.ಮೀ. ಭಾಗ ಪೋಸ್ಟರಿನ ಹಿಂಬದಿಗೆ ಅಂಟಲಿ, ಉಳಿದದ್ದು ಮೇಲೆ ಚಾಚಿ ಹಿಂದಿನ ಬೋರ್ಡಿಗೆ, ಅದರ ಮೇಲೊಂದು ಅಡ್ಡಪಟ್ಟಿ. ಕೊಂಡಿ ಪೋಸ್ಟರಿಗಿಂತ ದುರ್ಬಲವಾಗಿರಬೇಕು. ಚೌಕಟ್ಟು ಬಿದ್ದರೆ ಹರಿಯುವುದು ಕೊಂಡಿಯಾಗಲಿ, ಚಿತ್ರವಲ್ಲ.

ಅಂಟು ಗೋಧಿ ಪಿಷ್ಟದ್ದು. ಮೈದಾ ಸರಿ ಅಲ್ಲ, ಅದರಲ್ಲಿರುವ ಗ್ಲುಟೆನ್ ಹಳದಿಯಾಗುತ್ತದೆ, ಹುಳವನ್ನೂ ಕರೆಯುತ್ತದೆ. ಹಲ್ವಕ್ಕೆ ಗೋಧಿ ಹಾಲು ತೆಗೆದವರಿಗೆ ವಿಧಾನ ಗೊತ್ತು: ಕಣಕವನ್ನು ನೀರಿನಲ್ಲಿ ಹಿಸುಕಿದರೆ ರಬ್ಬರಿನಂಥ ಗ್ಲುಟೆನ್ ಕೈಯಲ್ಲಿ ಉಳಿಯುತ್ತದೆ, ಪಾತ್ರೆಯ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ನಮಗೆ ಬೇಕಾದದ್ದು ಆ ಗಸಿ. ತಯಾರಾದ ಪಿಷ್ಟದ ಪುಡಿ ಸಿಕ್ಕರೆ ಇನ್ನೂ ಶುದ್ಧ. 1 ಪಾಲು ಪಿಷ್ಟಕ್ಕೆ 5 ಪಾಲು ನೀರು, ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ 20-30 ನಿಮಿಷ ತಿರುವಿ. ಬಿಳಿ ಹೋಗಿ ಅರೆಪಾರದರ್ಶಕವಾದಾಗ ಇಳಿಸಿ. ಆರಿದ ಮೇಲೆ ಸಣ್ಣ ಜರಡಿಯಲ್ಲಿ ಎರಡು ಸಲ ಒತ್ತಿ, ನೀರು ಬೆರೆಸಿ ಗಟ್ಟಿ ಕೆನೆಯ ಹದಕ್ಕೆ ತನ್ನಿ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ, ಹುಳಿ ವಾಸನೆ ಬಂದರೆ ಚೆಲ್ಲಿ. ಹಚ್ಚುವಾಗ ಕಡಿಮೆ ಹಚ್ಚಿ. ನೀರು ಹೆಚ್ಚಾದರೆ ಕೊಂಡಿ ಇರುವೆಡೆ ಮುಂಭಾಗದಲ್ಲಿ ಸುಕ್ಕು ಬೀಳುತ್ತದೆ. ಒತ್ತುಕಾಗದ ಮತ್ತು ಭಾರ ಇಟ್ಟು, ಮೊದಲ ಐದು ನಿಮಿಷವಾದ ಮೇಲೆ ಒಮ್ಮೆ ಒತ್ತುಕಾಗದ ಬದಲಿಸಿ, ಆಮೇಲೆ ಒಂದು ಗಂಟೆ ಒಣಗಲು ಬಿಡಿ. ಇದೆಲ್ಲ ತಲೆನೋವೆನಿಸಿದರೆ ನಾಲ್ಕು ಮೂಲೆಗೆ ಪಾಲಿಯೆಸ್ಟರ್ ಹಾಳೆಯ ತ್ರಿಕೋನ ಜೇಬು ಮಾಡಿ ಕೂರಿಸಿ. ಅಂಟು ಚಿತ್ರಕ್ಕೆ ತಾಗುವುದೇ ಇಲ್ಲ. ಆದರೆ ಜೇಬಿನೊಳಗೆ 2 ಮಿ.ಮೀ. ಸಡಿಲ ಇರಲಿ.

ಜೋಡಿಸಿದ ಪದರಗಳ ಸುತ್ತಂಚನ್ನು ಅಲ್ಯುಮಿನಿಯಂ ಟೇಪಿನಿಂದ ಮುಚ್ಚಿ ಚೌಕಟ್ಟಿಗೆ ಕೂರಿಸಿ. ತೇವ, ಕಾಗದ ತಿನ್ನುವ ಸಿಲ್ವರ್‌ಫಿಶ್ ಹುಳ ಎರಡಕ್ಕೂ ಅದು ಬಾಗಿಲು ಹಾಕುತ್ತದೆ. ಗೋವಾದ ಉಪ್ಪುಗಾಳಿಯಲ್ಲಿ ಕಬ್ಬಿಣದ ಮೊಳೆ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮೊಳೆಯನ್ನೇ ಕೇಳಿ.

ಪ್ರಶ್ನೆ: ಗಾಜು ಹಾಕಿಸಲೋ, ಅಕ್ರಿಲಿಕ್ ಹಾಕಿಸಲೋ? (ಮಾಟುಂಗ)

26×36 ಇಂಚಿನ ಚೌಕಟ್ಟಿಗೆ 2 ಮಿ.ಮೀ. ಗಾಜು ಸುಮಾರು 3 ಕಿಲೊ ತೂಗುತ್ತದೆ, 3 ಮಿ.ಮೀ. ಅಕ್ರಿಲಿಕ್ ಸುಮಾರು 2.2 ಕಿಲೊ. ರೈಲು ಪಟ್ಟಿಯ ಪಕ್ಕದ ಮನೆ, ಮಕ್ಕಳಿರುವ ಮನೆ, ದೊಡ್ಡ ಪೋಸ್ಟರು, ಇವಕ್ಕೆ ಅಕ್ರಿಲಿಕ್ಕೇ ಸರಿ. ಒರೆಸಲು ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಹತ್ತಿಬಟ್ಟೆ ಮಾತ್ರ. ಅಮೋನಿಯ ಇರುವ ಗಾಜಿನ ದ್ರಾವಣ ಅದನ್ನು ಮಬ್ಬಾಗಿಸುತ್ತದೆ. ಯುವಿ ತಡೆಯುವ ಬಗೆಯದು ಸಿಕ್ಕರೆ ಅದನ್ನೇ ಕೊಳ್ಳಿ. ಆದರೆ ಯುವಿ ತಡೆದರೆ ಬಣ್ಣ ಉಳಿದೇಬಿಡುತ್ತದೆ ಎಂದುಕೊಳ್ಳಬೇಡಿ. ಕಣ್ಣಿಗೆ ಕಾಣುವ ಬೆಳಕೂ ಬಣ್ಣ ತಿನ್ನುತ್ತದೆ, ತಿಂದದ್ದು ಮರಳಿ ಬರುವುದಿಲ್ಲ. ಮೊದಲು ಕೆಂಪು, ಹಳದಿ ಹೋಗಿ ಸಮುದ್ರವೂ ಮುಖವೂ ಒಂದೇ ನೀಲಿಯಾಗುತ್ತವೆ. ವಸ್ತುಸಂಗ್ರಹಾಲಯಗಳು ಕಾಗದಕ್ಕೆ ಇಡುವ ಬೆಳಕಿನ ಮಿತಿ 50 ಲಕ್ಸ್. ಮನೆಯಲ್ಲಿ ಅಷ್ಟು ಸಾಧಿಸಲಾಗದಿದ್ದರೂ ಪಶ್ಚಿಮದ ಕಿಟಕಿಯ ಎದುರು ಗೋಡೆ ಬಿಟ್ಟು ಬೇರೆ ಆರಿಸಬಹುದಲ್ಲ.

ಪ್ರಶ್ನೆ: ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಿಂದ ಚಿತ್ರ ಇಳಿಸಿಕೊಂಡು ನಾನೇ ಪ್ರಿಂಟ್ ಮಾಡಿಸಬಹುದೇ? ಎಷ್ಟು ದೊಡ್ಡದು? ಯಾವ ಕಾಗದ? (ಕೋಥ್ರೂಡ್, ಪುಣೆ)

ಮಾಡಿಸಬಹುದು, ಅಂಗಡಿಯ ಮಬ್ಬು ನಕಲಿಗಿಂತ ಅದೇ ಮೇಲು. ಜೆಪೆಗ್ ಬಿಟ್ಟು ಇರುವುದರಲ್ಲೇ ದೊಡ್ಡ ಟಿಫ್ ಕಡತ ಇಳಿಸಿ. 20×30 ಇಂಚಿಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬೇಕೆಂದರೆ 6000×9000 ಪಿಕ್ಸೆಲ್. ಪೋಸ್ಟರನ್ನು ನಾಲ್ಕು ಅಡಿ ದೂರದಿಂದ ನೋಡುವುದರಿಂದ 200 ಡಿಪಿಐ, ಅಂದರೆ 4000×6000 ಸಾಕು. 150ಕ್ಕಿಂತ ಕೆಳಗಿಳಿದರೆ ಅಕ್ಷರದ ಅಂಚು ಒಡೆಯುತ್ತದೆ. ಪಿಕ್ಸೆಲ್ ಕಡಿಮೆಯಿದ್ದರೆ ಸಾಫ್ಟ್‌ವೇರಿನಲ್ಲಿ ಹಿಗ್ಗಿಸುವುದಕ್ಕಿಂತ ಚಿಕ್ಕದಾಗಿ ಪ್ರಿಂಟ್ ಮಾಡಿಸಿ ಅಗಲ ಮೌಂಟ್ ಕೊಡಿ.

ಕಾಗದ ಮ್ಯಾಟ್ ಇರಲಿ: ಹತ್ತಿನಾರಿನದು, 300 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ಆಸುಪಾಸು, ಬಿಳುಪುಕಾರಕ ಇಲ್ಲದ್ದು. ಶಾಯಿ ಪಿಗ್ಮೆಂಟ್ ಬಗೆಯದೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಡೈ ಶಾಯಿ ಬೆಳಕಿಗೂ ತೇವಕ್ಕೂ ಬೇಗ ಸೋಲುತ್ತದೆ. ಹೊಳೆಯುವ ಫೋಟೊ ಕಾಗದದಲ್ಲಿ ಲಿಥೋಗ್ರಾಫಿಯ ಮೆತ್ತನೆಯ ಬಣ್ಣ ಪ್ಲಾಸ್ಟಿಕ್ಕಿನಂತಾಗುತ್ತದೆ. ಪೂರ್ತಿ ಅಳತೆಗೆ ಮೊದಲು ಒಂದು 4×12 ಇಂಚಿನ ಪಟ್ಟಿ ತೆಗೆಸಿ. ಅದರಲ್ಲಿ ಮುಖ, ಕಡುನೀಲಿ, ಕಾಗದದ ಖಾಲಿ ಅಂಚು ಮೂರೂ ಬರಲಿ. ‘ಆಟೊ ಕರೆಕ್ಷನ್’ ಬೇಡವೆಂದು ಬರೆದುಕೊಡಿ, ಇಲ್ಲದಿದ್ದರೆ ಕೆನೆಬಣ್ಣದ ಕಾಗದವನ್ನು ಯಂತ್ರ ಬೆಳ್ಳಗೆ ಮಾಡಿಬಿಡುತ್ತದೆ. ಅಂಚಿನ ಸಣ್ಣ ಅಕ್ಷರಗಳನ್ನು ಕತ್ತರಿಸಬೇಡಿ. ಅಮೆರಿಕದ ಸರ್ಕಾರಿ ಮುದ್ರಣಾಲಯದ ಹೆಸರು, ವರ್ಷ, ಬ್ರಿಟಿಷ್ ಪೋಸ್ಟರಿನಲ್ಲಿ ಹಿಸ್ ಮೆಜೆಸ್ಟೀಸ್ ಸ್ಟೇಷನರಿ ಆಫೀಸಿನ ಸಾಲು, ಇವೆಲ್ಲ ಇರುವುದು ಅಲ್ಲೇ. ಪ್ರಿಂಟಿನ ಬೆನ್ನಿಗೆ ಪೆನ್ಸಿಲಿನಲ್ಲಿ ‘ಮರುಮುದ್ರಣ’ ಎಂದೂ ಇಸವಿಯನ್ನೂ ಬರೆದಿಡಿ. ನಾಳೆ ಇನ್ನಾರೋ ಅದನ್ನು ಅಸಲಿಯೆಂದು ಮಾರುವುದು ತಪ್ಪುತ್ತದೆ.

ಹಕ್ಕಿನ ವಿಚಾರ: ಅಮೆರಿಕ ಸರ್ಕಾರದ ಸಿಬ್ಬಂದಿ ಕೆಲಸದ ಭಾಗವಾಗಿ ಮಾಡಿದ ಕೃತಿಗಳಿಗೆ ಆ ದೇಶದಲ್ಲಿ ಕೃತಿಸ್ವಾಮ್ಯವಿಲ್ಲ. ಭಾರತದ ಕಾನೂನಿನಲ್ಲಿ ಕಲಾವಿದ ತೀರಿಕೊಂಡ ಮರುವರ್ಷದಿಂದ 60 ವರ್ಷ. ಕ್ರಿಸ್ಟಿ ತೀರಿಕೊಂಡದ್ದು 1952ರಲ್ಲಿ. ನೌಕಾಪಡೆಗೆ ಹಲವು ಪೋಸ್ಟರು ಬರೆದ ಮೆಕ್‌ಲೆಲಂಡ್ ಬಾರ್ಕ್ಲೆ 1943ರ ಜುಲೈಯಲ್ಲಿ ಸೊಲೊಮನ್ ದ್ವೀಪಗಳ ಬಳಿ, ತಾನಿದ್ದ ಹಡಗಿಗೆ ಟಾರ್ಪಿಡೊ ಬಡಿದು ಮಡಿದ. ಇಬ್ಬರ ಚಿತ್ರಗಳಿಗೂ ಇಲ್ಲಿ ಅವಧಿ ಮುಗಿದಿದೆ.

ಪ್ರಶ್ನೆ: ಅಜ್ಜನ ಕಾಲದ ಜಪಾನಿ ನೌಕಾಯುದ್ಧದ ಚಿತ್ರ ಇದೆ, ಮೂರು ಹಾಳೆ ಸೇರಿ ಒಂದು ಚಿತ್ರ. ಒಂದರಲ್ಲಿ ನೇರಳೆ ಬಣ್ಣ ಮಾಸಿದೆ. ತೊಳೆಸಬಹುದೇ? ಸೇರಿಸಿ ಅಂಟಿಸಲೇ? (ಠಾಣೆ)

ಎರಡೂ ಬೇಡ. ಇವು ಮರದ ಅಚ್ಚಿನ ಯುದ್ಧಚಿತ್ರಗಳು, ಜಪಾನಿನಲ್ಲಿ ‘ಸೆನ್ಸೊ-ಎ’ ಎನ್ನುತ್ತಾರೆ. 1894-95ರ ಚೀನಾ ಯುದ್ಧ, 1904-05ರ ರಷ್ಯಾ ಯುದ್ಧದ ಹೊತ್ತಿನಲ್ಲಿ ಅಪಾರವಾಗಿ ಅಚ್ಚಾದವು. 1894ರ ಹಳದಿ ಸಮುದ್ರದ ಕಾಳಗವನ್ನು ಕೊಬಾಯಾಶಿ ಕಿಯೊಚಿಕಾ ನೀರಿನ ಮೇಲೂ ಕೆಳಗೂ ತೋರಿಸಿದ ಮೂರು ಹಾಳೆಯ ಚಿತ್ರ ಪ್ರಸಿದ್ಧ. ಪ್ರತಿ ಹಾಳೆ ಸುಮಾರು 25×37 ಸೆಂ.ಮೀ. ಆ ಕಾಲದ ನೇರಳೆ, ಕೆಂಪುಗಳು ಅನಿಲೀನ್ ಎಂಬ ಕೃತಕ ಬಣ್ಣಗಳು. ನೀರು ಸೋಕಿದರೆ ಹರಿಯುತ್ತವೆ, ಬೆಳಕಿಗೆ ಮಾಸುತ್ತವೆ. ಒಂದೇ ಹಾಳೆ ಮಾಸಿದೆ ಎಂದರೆ ಮೂರೂ ಎಂದೋ ಬೇರೆ ಬೇರೆಯಾಗಿದ್ದವು ಎಂದರ್ಥ. ಮೂರನ್ನೂ ಒಂದೇ ಬೋರ್ಡಿನ ಮೇಲೆ, ನಡುವೆ 2 ಮಿ.ಮೀ. ಬಿಟ್ಟು, ಪ್ರತಿಯೊಂದಕ್ಕೂ ಅದರದೇ ಕೊಂಡಿ ಕೊಟ್ಟು ಒಂದೇ ಕಿಟಕಿಯೊಳಗೆ ಕೂರಿಸಿ. ವರ್ಷದಲ್ಲಿ ಮೂರು ನಾಲ್ಕು ತಿಂಗಳು ತೂಗುಹಾಕಿ, ಉಳಿದಂತೆ ಕತ್ತಲಲ್ಲಿ ಮಲಗಿಸಿಡಿ.

ವಿದೇಶದಲ್ಲಿರುವ ಮಗನಿಗೆ ಕಳಿಸುವ ಯೋಚನೆಯಿದ್ದರೆ ತಡೆಯಿರಿ. 100 ವರ್ಷ ದಾಟಿದ ಕಲಾಕೃತಿ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ. ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯನ್ನು ಕೇಳಿ.

ಪ್ರಶ್ನೆ: ಹರಿದ ಪೋಸ್ಟರಿಗೆ ಸೆಲೊಟೇಪು ಹಚ್ಚಿದ್ದೆ, ಈಗ ಕಂದಾಗಿದೆ. ಲ್ಯಾಮಿನೇಷನ್ ಮಾಡಿಸಿದರೆ ಗಟ್ಟಿಯಾದೀತೆ? (ಮುಲುಂಡ್)

ಮರುಮುದ್ರಣವಾದರೆ ನಿಮ್ಮಿಷ್ಟ. ಮೂಲಪ್ರತಿಯಾದರೆ ಲ್ಯಾಮಿನೇಷನ್ ಎಂದರೆ ಅದರ ಕತೆ ಮುಗಿದಂತೆ. ಬಿಸಿಯಲ್ಲಿ ಕರಗಿದ ಪ್ಲಾಸ್ಟಿಕ್ ನಾರಿನೊಳಗೆ ಇಳಿಯುತ್ತದೆ, ತೆಗೆಯಲು ಹೋದರೆ ಶಾಯಿ ಸಮೇತ ಬರುತ್ತದೆ. ಟೇಪನ್ನು ಎಳೆಯಬೇಡಿ, ಪೆಟ್ರೋಲು, ಥಿನ್ನರು ಹಚ್ಚಬೇಡಿ, ಕಲೆ ಹರಡುತ್ತದೆ. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲಿ ಕಲಾ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಎರಡು ಆಮ್ಲರಹಿತ ಹಾಳೆಗಳ ನಡುವೆ ಮಲಗಿಸಿಡಿ. ಸುತ್ತಿ ಕೊಳವೆಯಲ್ಲಿ ತುರುಕಬೇಡಿ.

ಪ್ರಶ್ನೆ: ನಮ್ಮದು ಜಂಬಿಟ್ಟಿಗೆ ಕಲ್ಲಿನ ಹಳೆಯ ಮನೆ. ಮೊಳೆ ನಿಲ್ಲುವುದಿಲ್ಲ. ಇನ್ನೊಂದು, ಶತ್ರುವನ್ನು ಹಲ್ಲು ಚಾಚಿದ ರಾಕ್ಷಸನಂತೆ ಬರೆದ 1940ರ ದಶಕದ ಪೋಸ್ಟರೊಂದಿದೆ. ಮನೆಯ ಹಜಾರದಲ್ಲಿ ಹಾಕುವುದು ಸರಿಯೇ? (ಫೋಂಡಾ)

ಜಂಬಿಟ್ಟಿಗೆ ತೂತುತೂತಾದ ಮೆದು ಕಲ್ಲು, ಸುತ್ತಿಗೆಯ ಪೆಟ್ಟಿಗೆ ಪುಡಿಯಾಗುತ್ತದೆ. ಹ್ಯಾಮರ್ ಡ್ರಿಲ್ ಬೇಡ, ಬರಿಯ ತಿರುಗಣೆಯಲ್ಲಿ 8 ಮಿ.ಮೀ. ಬಿಟ್ ಹಾಕಿ 70-80 ಮಿ.ಮೀ. ಆಳ ಕೊರೆಯಿರಿ. ಗಾರೆಯ ಪದರ ದಾಟಿ ಕಲ್ಲಿಗೆ ಮುಟ್ಟಬೇಕು. ಪುಡಿ ಊದಿ ತೆಗೆದು ಉದ್ದನೆಯ ನೈಲಾನ್ ಪ್ಲಗ್, ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಒಂದರ ಬದಲು ಎರಡು ಕೊಕ್ಕೆ ಕೊಡಿ, ಭಾರವೂ ಹಂಚಿಹೋಗುತ್ತದೆ, ಚೌಕಟ್ಟೂ ವಾಲುವುದಿಲ್ಲ. ಈ ಕಲ್ಲು ಮಳೆನೀರು ಹೀರುವುದರಿಂದ ಮಳೆ ಬಡಿಯುವ ನೈಋತ್ಯದ ಹೊರಗೋಡೆ ಬಿಟ್ಟು ಒಳಗೋಡೆಗೇ ಹಾಕಿ. ಚೌಕಟ್ಟಿನ ಕೆಳಮೂಲೆಗಳಿಗೆ 10 ಮಿ.ಮೀ. ಬೆಂಡಿನ ಬಿಲ್ಲೆ ಅಂಟಿಸಿದರೆ ಹಿಂದೆ ಗಾಳಿಯಾಡುತ್ತದೆ. ತಿಂಗಳಿಗೊಮ್ಮೆ ಇಳಿಸಿ ಬೆನ್ನು ನೋಡಿ. ಗೆದ್ದಲಿನ ಮಣ್ಣಿನ ದಾರಿ ಶುರುವಾಗುವುದು ಅಲ್ಲಿ.

ಎರಡನೆಯದಕ್ಕೆ ನಮ್ಮ ಅಭಿಪ್ರಾಯ: ಸುಡಬೇಡಿ, ಅಡಗಿಸಲೂ ಬೇಡಿ, ಆದರೆ ಬರಿಯ ಅಲಂಕಾರದಂತೆ ಹಜಾರದಲ್ಲಿ ತೂಗುಹಾಕಬೇಡಿ. ಓದುವ ಕೋಣೆಯಲ್ಲಿ ಹಾಕಿ, ಪಕ್ಕದಲ್ಲಿ ಇಸವಿ, ಹೊರಡಿಸಿದ ಕಚೇರಿ, ಅದು ಯಾರಿಂದ ಏನು ಮಾಡಿಸಲು ಹೊರಟಿತ್ತು ಎಂಬ ಮೂರು ಸಾಲು ಕನ್ನಡದಲ್ಲಿ ಬರೆದು ಅಂಟಿಸಿ. ಜೊತೆಗೆ 1942ರಲ್ಲಿ ಫ್ರೆಡರಿಕ್ ಸೀಬೆಲ್ ಬರೆದ ‘ಯಾರೋ ಬಾಯಿಬಿಟ್ಟರು’ ಎಂಬ ಅರ್ಥದ ಪೋಸ್ಟರಿನ ಪ್ರತಿಯೊಂದನ್ನು ಇಡಿ. ಅದರಲ್ಲಿ ಶತ್ರುವೇ ಇಲ್ಲ. ಮುಳುಗುತ್ತಿರುವ ನಾವಿಕನೊಬ್ಬ ನೀರಿನಿಂದ ಕೈ ಎತ್ತಿ ನೋಡುವವನತ್ತಲೇ ಬೆರಳು ತೋರಿಸುತ್ತಾನೆ. ಹಾಗೆ ಮುಳುಗಿದ ಹಡಗುಗಳ ಬಾಯ್ಲರು ಕೋಣೆಗಳಲ್ಲಿ, ಡೆಕ್ಕುಗಳ ಮೇಲೆ ದುಡಿಯುತ್ತಿದ್ದವರಲ್ಲಿ ನಮ್ಮ ಕರಾವಳಿಯ ಖಲಾಸಿಗಳೂ ಇದ್ದರು. ಯಾವ ಪೋಸ್ಟರಿನಲ್ಲೂ ಅವರ ಮುಖ ಹುಡುಕಿದರೆ ಸಿಗುವುದು ಅಪರೂಪ. ಎರಡು ಮಹಾಯುದ್ಧಗಳಲ್ಲಿ ಸಮುದ್ರದ ಪಾಲಾದ ಭಾರತೀಯ ನಾವಿಕರ ಸ್ಮಾರಕ ಮುಂಬಯಿಯ ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿದೆ. ಅಲ್ಲಿಗೆ ಹೋದಾಗ ಒಂದು ಫೋಟೊ ತೆಗೆದು, ಅದಕ್ಕೂ ಇದೇ ಅಳತೆಯ ಮೌಂಟ್ ಕೊಟ್ಟು, ಈ ಎರಡರ ಪಕ್ಕ ತೂಗುಹಾಕಿ.